ಅತ್ತೆಯ ಆರು ಅಂಕಿ

ಮದುವೆಯಾಗಿ ಮೂವತ್ತೊಂದು ವರ್ಷ ನನ್ನ ಹಗಲುನಿದ್ದೆಯ ತಂಟೆಗೆ ಯಾರೂ ಬಂದಿರಲಿಲ್ಲ. ನಾನು ಡೋನಟ್ ಅಂಗಡಿಯವನು. ಊರು ಮಲಗಿರುವಾಗ ಎಣ್ಣೆ ಬಾಣಲೆಯ ಮುಂದೆ ನಿಂತಿರುತ್ತೇನೆ, ಊರು ಓಡಾಡುವಾಗ ಹನ್ನೊಂದರಿಂದ ನಾಲ್ಕರವರೆಗೆ ಮಲಗುತ್ತೇನೆ. ಇದು ನನ್ನ ಜನ್ಮಸಿದ್ಧ ಹಕ್ಕೆಂದೇ ನಂಬಿದ್ದೆ. ಈ ಮಾರ್ಚ್ ತಿಂಗಳಲ್ಲಿ ನನ್ನ ಹೆಂಡತಿ ಟ್ವೈಲಾ ದಿನಸಿ ಅಂಗಡಿಯಿಂದ ಮೊಟ್ಟೆ, ಬೆಣ್ಣೆಯ ಜೊತೆಗೆ ಒಂದು ಹವಾಮಾನ ರೇಡಿಯೊ ಕೂಡ ತಂದು ನನ್ನ ದಿಂಬಿನ ಪಕ್ಕ ಪ್ರತಿಷ್ಠಾಪಿಸಿದಳು.

ನೋಡಲು ಅದೊಂದು ಸಾಧು ಗಡಿಯಾರ. ಹಸಿರು ಅಂಕಿಯಲ್ಲಿ ಗಂಟೆ ತೋರಿಸುತ್ತದೆ. ಆದರೆ ಸುಂಟರಗಾಳಿಯದೋ ಆಲಿಕಲ್ಲಿನದೋ ಎಚ್ಚರಿಕೆ ಬಂತೆಂದರೆ, ಗೂಳಿಯ ಬಾಲ ಬಾಗಿಲಿಗೆ ಸಿಕ್ಕಿಕೊಂಡಂತೆ ಅರಚುತ್ತದೆ. ಯಾವ ಕೌಂಟಿಯ (ನಮ್ಮಲ್ಲಿ ಜಿಲ್ಲೆಗೆ ಹಾಗನ್ನುತ್ತೇವೆ) ಎಚ್ಚರಿಕೆ ಬೇಕೋ ಆ ಕೌಂಟಿಯ ಆರು ಅಂಕಿಗಳನ್ನು ನಾವೇ ಒತ್ತಿ ತುಂಬಬೇಕು. ಇಪ್ಪತ್ತೈದು ಕೌಂಟಿಗಳಿಗೆ ಜಾಗ ಇದೆ. ಟ್ವೈಲಾ ಕನ್ನಡಕ ಹಾಕಿಕೊಂಡು, ಸೂಚನೆಯ ಪುಸ್ತಕವನ್ನು ಬೈಬಲ್ಲಿನಂತೆ ತೊಡೆಯ ಮೇಲಿಟ್ಟುಕೊಂಡು, ಮೊದಲು ನಮ್ಮ ಹ್ಯಾಸ್ಕಿನ್ಸ್ ಕೌಂಟಿಯನ್ನು ತುಂಬಿದಳು. ಆಮೇಲೆ ಮೆರಿಟ್ ಕೌಂಟಿಯನ್ನು.

"ಮೆರಿಟ್ ಯಾಕೆ? ನಾವು ಅಲ್ಲಿಲ್ಲವಲ್ಲ" ಅಂದೆ.

"ನಮ್ಮಮ್ಮ ಅಲ್ಲಿದ್ದಾಳಲ್ಲ!"

ನನ್ನ ಅತ್ತೆ ಒಲೀಟಾ ಅವರಿಗೆ ಎಪ್ಪತ್ತೊಂಬತ್ತು. ನದಿಯಾಚೆ ಐದು ಮೈಲಿ ದೂರದಲ್ಲಿ ಒಂದು ಟ್ರೇಲರ್ ಮನೆಯಲ್ಲಿ ನಾಯಿಯೊಂದಿಗೆ ಇದ್ದಾರೆ. ಇಟ್ಟಿಗೆ ಕಂಬಗಳ ಮೇಲೆ ಕೂತ ತಗಡಿನ ಪೆಟ್ಟಿಗೆ ಅದು, ಕೆಳಗೆ ನೆಲಮಾಳಿಗೆ ಇಲ್ಲ. ಗಾಳಿ ಬಂದರೆ ಅವರು ನಮ್ಮ ನೆಲಮಾಳಿಗೆಗೇ ಬರಬೇಕು. ಅದಕ್ಕೇ ಮೊದಲೇ ಗೊತ್ತಾಗಬೇಕು ಎಂಬುದು ಟ್ವೈಲಾಳ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ಮೆರಿಟ್ ಕೌಂಟಿಯಲ್ಲಿ. ಅದು ಬಾಣಲೆಯ ಹಿಡಿಯ ಹಾಗೆ ಪಶ್ಚಿಮಕ್ಕೆ ಎಪ್ಪತ್ತು ಮೈಲಿ ಚಾಚಿಕೊಂಡಿದೆ. ಆ ತುದಿಯಲ್ಲಿ ಯಾರದೋ ಹಸುವಿನ ಬೆನ್ನಿಗೆ ಆಲಿಕಲ್ಲು ಬಿದ್ದರೆ ಈ ತುದಿಯಲ್ಲಿ ನಾನು ಹಾಸಿಗೆಯಿಂದ ಬೀಳುತ್ತಿದ್ದೆ. ಏಪ್ರಿಲ್‌ನಲ್ಲಿ ಹನ್ನೊಂದು ಸಲ ಬಿದ್ದೆ. (ರೇಡಿಯೊ ಸರಿಯಿದೆಯೇ ಎಂದು ಪ್ರತಿ ಬುಧವಾರ ಮಧ್ಯಾಹ್ನ ಬರುವ ಪರೀಕ್ಷಾ ಕೂಗುಗಳನ್ನು ಇದರಲ್ಲಿ ಸೇರಿಸಿಲ್ಲ.) ಹನ್ನೆರಡನೆಯ ಸಲ ಬೀಳುವ ಬದಲು, ಟ್ವೈಲಾ ಚರ್ಚಿಗೆ ಹೋಗಿದ್ದಾಗ, ಮೂರು ಗುಂಡಿ ಒತ್ತಿ ಮೆರಿಟ್ ಕೌಂಟಿಯನ್ನು ಭೂಪಟದಿಂದಲೇ ಅಳಿಸಿಬಿಟ್ಟೆ.

ಗಾಳಿಯ ದಿನಗಳು ಮುಗಿಯುವ ಮೊದಲೇ ಮತ್ತೆ ತುಂಬಿಬಿಡೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ, ದಿನಾ ನಿದ್ದೆ ಬಂದುಬಿಡುತ್ತಿತ್ತು. "ದೇವರು ದೊಡ್ಡವನು, ಈ ತಿಂಗಳು ಅಮ್ಮನ ಕಡೆ ಒಂದು ಹನಿ ತೊಂದರೆ ಇಲ್ಲ ನೋಡು" ಎಂದು ಟ್ವೈಲಾ ಊಟಕ್ಕೆ ಮೊದಲು ಕೈಮುಗಿದಾಗಲೆಲ್ಲ ನಾನು ತಟ್ಟೆ ನೋಡುತ್ತಿದ್ದೆ.

ಮೇ ತಿಂಗಳ ಒಂದು ಬುಧವಾರ. ನಾಲ್ಕು ಗಂಟೆಗೆ ಎದ್ದೆ. ಎಷ್ಟೋ ಬುಧವಾರಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದ್ದೆ. ಟ್ವೈಲಾ ಅಡಿಗೆಮನೆಯಲ್ಲಿ ಬೆಂಡೆಕಾಯಿಗೆ ಮೆಕ್ಕೆಜೋಳದ ಹಿಟ್ಟು ಮೆತ್ತಿ ಕರಿಯುತ್ತಿದ್ದಳು.

"ಇವತ್ತು ಮಧ್ಯಾಹ್ನ ಪರೀಕ್ಷೆಯ ಕೂಗು ಬರಲೇ ಇಲ್ಲ, ವರ್ಲಿನ್."

ನನ್ನ ನಿದ್ದೆ ಅರ್ಧ ಇಳಿಯಿತು. ನಿಜವಾದ ಗಾಳಿ ಬರುವ ಲಕ್ಷಣ ಇದ್ದರೆ ಜನ ಗೊಂದಲಕ್ಕೆ ಬೀಳಬಾರದೆಂದು ಅಂದಿನ ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾರೆ. ಕಿಟಕಿಯ ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಬೆಳಕು ಹಳೆಯ ಪೆಟ್ಟಿನ ಕಲೆಯಂತೆ ಹಳದಿಹಸಿರಾಗಿತ್ತು.

ಒಕ್ಲಹೋಮಾದಲ್ಲಿ ಇಂಥ ಹೊತ್ತಿನಲ್ಲಿ ಹೆಂಗಸರು ನೆಲಮಾಳಿಗೆಗೆ ಇಳಿಯುತ್ತಾರೆ, ಗಂಡಸರು ಜಗಲಿಗೆ ಬರುತ್ತಾರೆ. ಯಾಕೆಂದು ಯಾರೂ ಕೇಳಿಲ್ಲ. ನಮ್ಮಪ್ಪನೂ ಬರುತ್ತಿದ್ದ, ನಾನೂ ಬಂದೆ. ಎದುರುಮನೆಯ ಹಾರ್ಲನ್ ಆಗಲೇ ಕುರ್ಚಿ ಹಾಕಿಕೊಂಡು, ತಂಪು ಚಹಾದ ಲೋಟ ಹಿಡಿದು, ನೈರುತ್ಯವನ್ನು ಸಿನಿಮಾದಂತೆ ನೋಡುತ್ತಿದ್ದ.

"ಏನೋ, ಇಲ್ಲೇ ನಿಂತಿದ್ದೀಯ!" ಅಂತ ಕೂಗಿದ. "ಮೆರಿಟ್‌ಗೆ ಎಚ್ಚರಿಕೆ ಬಂದು ಹತ್ತು ನಿಮಿಷ ಆಯ್ತು! ನಿಮ್ಮತ್ತೆ ಬಂದ್ರಾ?"

ನದಿಯ ಕಡೆ ತಿರುಗಿ ನೋಡಿದೆ. ನದಿಯಾಚೆ ಕಪ್ಪು ಮೋಡ ಗೋಡೆಯಂತೆ ನೆಲದತ್ತ ಇಳಿದಿತ್ತು, ಅದರ ಬುಡ ನಿಧಾನವಾಗಿ ತಿರುಗುತ್ತಿತ್ತು. ಒಳಗೆ ಓಡಿದೆ.

"ಟ್ವೈಲಾ, ಅಮ್ಮನಿಗೆ ಫೋನ್ ಮಾಡಿದ್ಯಾ?"

"ಯಾಕೆ?" ಅವಳು ಬೆಂಡೆಕಾಯಿ ಮಗುಚುತ್ತ ಹಾಯಾಗಿ ನಿಂತಿದ್ದಳು. "ಆಕಾಶ ನಂಗೂ ಕಾಣ್ಸುತ್ತೆ. ಆದ್ರೆ ರೇಡಿಯೊ ಕೂಗಿಲ್ಲವಲ್ಲ. ಅಮ್ಮನ ಕಡೆ ಏನಾದ್ರೂ ಇದ್ದಿದ್ರೆ ಅದು ಸುಮ್ನಿರ್ತಿತ್ತಾ?"

ನಿಜ ಹೇಳಬೇಕಿತ್ತು. ಹೇಳದೆ ಅವರಮ್ಮನಿಗೆ ಫೋನ್ ಮಾಡಿದೆ. ಗಂಟೆ ಹೊಡೆಯಿತು, ಹೊಡೆಯಿತು, ಯಾರೂ ಎತ್ತಲಿಲ್ಲ. ಪಿಕಪ್ ಟ್ರಕ್ಕಿನ ಕೀಲಿ ಕೈಗೆ ತೆಗೆದುಕೊಂಡೆ.

"ಈಗ ಎಲ್ಲಿಗೆ?"

"ಹಾಲು ತರ್ತೀನಿ."

"ಎರಡು ಡಬ್ಬ ಇದೆ!"

"ಅದು ಮುಗಿದ್ಮೇಲೆ ಬೇಕಲ್ಲ" ಎಂದು ಬಾಗಿಲು ದಾಟಿದೆ.

ಹೆದ್ದಾರಿಯ ಸೇತುವೆ ದಾಟುವಾಗ ಆಲಿಕಲ್ಲು ಶುರುವಾಯಿತು. ಮೊದಲು ಬಟಾಣಿ, ಆಮೇಲೆ ಅಕ್ರೋಟು. ಗಾಜು ಬಿರುಕು ಬಿಟ್ಟಿತು. ಆ ಐದು ಮೈಲಿಯಲ್ಲಿ ನಾನು ಒಲೀಟಾ ಅಮ್ಮನಿಗೆ ಮಾಡಿದ್ದ ಅನ್ಯಾಯಗಳೆಲ್ಲ ನೆನಪಾದವು. ಅವರ ಕಡುಬನ್ನು ಒಣಕಲು ಅಂದಿದ್ದು. ಅವರ ನಾಯಿಗೆ ಅವರ ಮುಂದೆಯೇ ಅವರದೇ ಮುಖ ಅಂದಿದ್ದು. ಕೊನೆಗೆ ಇದು. ಮೂರು ಗುಂಡಿ. ನನಗೆ ನಿಜವಾಗಿ ಭಯವಾಗಿತ್ತು, ಅದನ್ನು ತಮಾಷೆ ಮಾಡಲಾರೆ.

ಟ್ರೇಲರಿನ ಬಾಗಿಲು ಪಟಪಟ ಬಡಿದುಕೊಳ್ಳುತ್ತಿತ್ತು. ಒಳಗೆ ಟೀವಿ ಹಾಡುತ್ತಿತ್ತು, ಚಹಾದ ಲೋಟದಲ್ಲಿ ಇನ್ನೂ ಮಂಜುಗಡ್ಡೆ ಇತ್ತು. "ಒಲೀಟಾ ಅಮ್ಮಾ!" ಅಂತ ಕೂಗಿದೆ. ಸ್ನಾನದ ತೊಟ್ಟಿಯಲ್ಲಿಲ್ಲ, ಮಂಚದ ಕೆಳಗಿಲ್ಲ. ನಾಯಿಯೂ ಇಲ್ಲ. ಮಂಚದ ಪಕ್ಕದಲ್ಲಿ ಮಾತ್ರ ನಮ್ಮದರ ಅವಳಿಯಂಥ ರೇಡಿಯೊ ಒಂದು ಗಂಟಲು ಹರಿಯುವಂತೆ ಅರಚುತ್ತಿತ್ತು. ಯಾವ ಗುಂಡಿ ಒತ್ತಿದರೂ ನಿಲ್ಲಲಿಲ್ಲ. ಅಷ್ಟರಲ್ಲಿ ಇಡೀ ಪೆಟ್ಟಿಗೆ ಕಂಬಗಳ ಮೇಲೆ ಒಮ್ಮೆ ಹೊರಳಿತು. ರೇಡಿಯೊವನ್ನು ವೈರಿನಿಂದ ಕಿತ್ತು ಕಂಕುಳಲ್ಲಿ ಅವುಚಿಕೊಂಡು (ಯಾಕೆ ಅಂತ ನನ್ನನ್ನು ಕೇಳಬೇಡಿ) ಹೊರಗೆ ಓಡಿ ರಸ್ತೆಬದಿಯ ಚರಂಡಿಯಲ್ಲಿ ಬೋರಲು ಬಿದ್ದೆ. ಬ್ಯಾಟರಿ ಇದ್ದದ್ದರಿಂದ ಅದು ನನ್ನ ಎದೆಯ ಕೆಳಗೂ ಅರಚುತ್ತಲೇ ಇತ್ತು.

ಎಷ್ಟು ಹೊತ್ತೋ ತಿಳಿಯದು. ಗಾಳಿ ಉತ್ತರಕ್ಕೆ ಸರಿದು ಗೋಧಿ ಹೊಲವನ್ನು ಬಾಚಿ ಹೋಗಿತ್ತು. ಟ್ರೇಲರ್ ನಿಂತಿತ್ತು, ಛಾವಣಿಯ ಒಂದು ತಗಡು ಇರಲಿಲ್ಲ. ಮೈತುಂಬ ಕೆಸರು ಮೆತ್ತಿಕೊಂಡು ಮತ್ತೆ ಎಲ್ಲ ಕಡೆ ಹುಡುಕಿದೆ, ಕೂಗಿದೆ. ಉತ್ತರವಿಲ್ಲ. ಟ್ವೈಲಾಳ ಮುಂದೆ ಹೇಗೆ ನಿಲ್ಲಲಿ ಎಂದು ವಾಪಸ್ ಬರುವ ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ನಮ್ಮ ಬೀದಿ ನಿರ್ಜನ. ಹಾರ್ಲನ್‌ನ ಕುರ್ಚಿ ಮಾತ್ರ ಮರದ ಮೇಲಿತ್ತು. ಕಂಕುಳಲ್ಲಿ ಇನ್ನೂ ಆ ರೇಡಿಯೊ ಇಟ್ಟುಕೊಂಡೇ ನೆಲಮಾಳಿಗೆಯ ಬಾಗಿಲು ಬಡಿದೆ.

"ಯಾರು?"

"ನಾನು. ವರ್ಲಿನ್."

ಒಳಗಿನಿಂದ ಇನ್ನೊಂದು ದನಿ, "ಹಾಲು ಸಿಕ್ತಾ ಕೇಳೇ" ಅಂದಿತು.

ಒಲೀಟಾ ಅಮ್ಮ ನನ್ನ ಕುರ್ಚಿಯಲ್ಲಿ, ನನ್ನ ಕಂಬಳಿ ಹೊದ್ದು, ನನ್ನ ಪಾಲಿನ ಬೆಂಡೆಕಾಯಿ ತಿನ್ನುತ್ತ ಕೂತಿದ್ದರು. ತೊಡೆಯ ಮೇಲೆ ನಾಯಿ. ಪಕ್ಕದ ಶೆಲ್ಫಿನಲ್ಲಿ ಟ್ವೈಲಾ ಹೊತ್ತು ತಂದಿದ್ದ ನಮ್ಮ ರೇಡಿಯೊ.

"ನೀವು... ಯಾವ ದಾರೀಲಿ..."

"ಹಳೇ ಕಬ್ಬಿಣದ ಸೇತುವೆ ಮೇಲೆ. ರೇಡಿಯೊ ಕೂಗ್ತು, ಕಾರು ಹತ್ತಿದೆ. ಇಲ್ಲಿ ಹಿತ್ತಲಲ್ಲಿ ನಿಲ್ಸಿ ಒಳಗೆ ಬಂದ್ರೆ ಇವಳು ಆರಾಮಾಗಿ ಬೆಂಡೆಕಾಯಿ ಕರೀತಿದ್ದಾಳೆ! ಕೈ ಹಿಡ್ದು ಎಳ್ಕೊಂಡು ಕೆಳಗೆ ತಂದೆ. ಗಾಳಿ ನದಿ ದಾಟಿದ್ಮೇಲೆ ತಾನೆ ನಿಮ್ಮ ರೇಡಿಯೊ ಕೂಗಿದ್ದು" ಎಂದರು ಒಲೀಟಾ ಅಮ್ಮ. ಟ್ರೇಲರಿನ ಮುಂದೆ ಅವರ ಕಾರು ಇರಲಿಲ್ಲವೆಂದು ನನಗೆ ಹೊಳೆದದ್ದೇ ಆಗ. ಅವರ ಕಣ್ಣು ನನ್ನ ಕಂಕುಳಿಗೆ ಬಿತ್ತು. "ಅದು ನನ್ನ ರೇಡಿಯೊ ಅಲ್ವೇನೋ?"

ಅದೇ ಗಳಿಗೆಗೆ ಅವರ ರೇಡಿಯೊ ಮತ್ತೆ ಅರಚಿತು. ಮೆರಿಟ್ ಕೌಂಟಿಗೆ ಇನ್ನೊಂದು ಎಚ್ಚರಿಕೆ. ಶೆಲ್ಫಿನ ಮೇಲಿನ ನಮ್ಮದು ಮಾತ್ರ ಹಸಿರು ಅಂಕಿಯಲ್ಲಿ ಗಂಟೆ ತೋರಿಸುತ್ತ ತೆಪ್ಪಗೆ ಕೂತಿತ್ತು.

ಟ್ವೈಲಾ ಅದನ್ನು ನೋಡಿದಳು, ಇದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ವರ್ಲಿನ್. ನಮ್ದು ಯಾಕೆ ಕೂಗ್ತಿಲ್ಲ?"

ಒಲೀಟಾ ಅಮ್ಮ ಕನ್ನಡಕ ಏರಿಸಿ ನಮ್ಮ ರೇಡಿಯೊ ತೆಗೆದುಕೊಂಡರು, ನಿಧಾನವಾಗಿ ಗುಂಡಿ ಒತ್ತಿದರು. ಪಟ್ಟಿಯಲ್ಲಿ ಒಂದೇ ಒಂದು ಕೌಂಟಿ. ನನ್ನ ಕೆಸರು ಮುಖವನ್ನು ನೋಡಿದರು.

"ಕರೆಂಟು ಹೋಗಿ ಬಂದಾಗ ಮರ್ತುಬಿಟ್ಟಿದೆ ಕಣೇ. ಇವುಗಳ ಹಣೆಬರಹವೇ ಅಷ್ಟು. ನೀನು ಮೇಲೆ ಹೋಗಿ ಒಲೆ ಆರ್ಸಿದ್ಯಾ ನೋಡು."

ಟ್ವೈಲಾ ಮೆಟ್ಟಿಲು ಹತ್ತಿದಳು. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಒಲೀಟಾ ಅಮ್ಮ ತಮ್ಮ ರೇಡಿಯೊದ ಪಟ್ಟಿಯನ್ನು ನನ್ನ ಮೂಗಿಗೆ ಹಿಡಿದರು. ಮೊದಲನೆಯ ಸಾಲಿನಲ್ಲಿ ನಮ್ಮ ಹ್ಯಾಸ್ಕಿನ್ಸ್ ಇತ್ತು. ಅವರದೇ ಕೌಂಟಿ ಎರಡನೆಯದು.

"ಓದಿದ್ಯಾ?"

"ಓದಿದೆ, ಅಮ್ಮ."

"ಸರಿ. ಈಗ ನಿಮ್ದರಲ್ಲಿ ಒತ್ತು. ಅಂಕಿ ನಾ ಹೇಳ್ತೀನಿ."

ಮೊದಲು ಮೆರಿಟ್. ಆಮೇಲೆ ಅವರ ತಂಗಿಯ ಕೌಂಟಿ. ಪಾದ್ರಿಯ ಮಗಳ ಕೌಂಟಿ. ನಾಯಿಯ ವೈದ್ಯರ ಕೌಂಟಿ. ಮಾವನವರನ್ನು ಹೂಳಿದ ಕೌಂಟಿ ಬಂದಾಗ ನಾನು, "ಅವರಿಗಿನ್ನು ಎಚ್ಚರಿಕೆ ಯಾಕಮ್ಮ..." ಎಂದು ಶುರುಮಾಡಿದೆ. ಅವರು ಮೆಟ್ಟಿಲ ಕಡೆ ಬಾಯಿ ತೆರೆದು, "ಟ್ವೈಲಾ" ಎನ್ನಲು ಹೊರಟರು. ಒತ್ತಿದೆ. ಟ್ವೈಲಾ ಇಳಿದು ಬರುವಷ್ಟರಲ್ಲಿ ಇಪ್ಪತ್ತೈದು ಜಾಗವೂ ಭರ್ತಿ.

ಮರುದಿನ ಮಧ್ಯಾಹ್ನ ಒಂದೂಕಾಲಕ್ಕೆ ಹಾಸಿಗೆಯಿಂದ ಬಿದ್ದೆ. ಎರಡೂಹತ್ತಕ್ಕೆ ಇನ್ನೊಮ್ಮೆ. ಮೂರಕ್ಕೆ ಬಿದ್ದಾಗ ಟ್ವೈಲಾ ಓಡಿ ಬಂದಳು.

"ಇದೇನು, ನೂರೈವತ್ತು ಮೈಲಿ ಆಚೆಗಿನ ಕೌಂಟಿಗೆಲ್ಲ ಕೂಗ್ತಿದೆ! ಪಾಪ, ನಿನ್ನ ನಿದ್ದೆ. ತಡಿ, ಅಳಿಸಿಬಿಡ್ತೀನಿ."

"ಬೇಡ!" ನೆಲದ ಮೇಲಿಂದಲೇ ಅವಳ ಕೈ ಹಿಡಿದುಕೊಂಡೆ. "ಇರ್ಲಿ ಬಿಡು. ಅಲ್ಲೂ ಯಾರದೋ ಅತ್ತೆ ಇರ್ತಾರೆ."

ಟ್ವೈಲಾಳ ಕಣ್ಣು ತುಂಬಿಬಂತು. ಇಂಥ ಗಂಡ ಯಾರಿಗುಂಟು ಎಂದು ನನ್ನ ಹಣೆಗೆ ಮುತ್ತಿಟ್ಟು, ಈ ಸುದ್ದಿ ಹೇಳಲು ಅವರಮ್ಮನಿಗೆ ಫೋನ್ ಮಾಡಲು ಹೋದಳು. ಆ ಕಡೆಯಿಂದ ಒಲೀಟಾ ಅಮ್ಮನ ನಗು ನನ್ನ ಹಾಸಿಗೆಯವರೆಗೂ ಕೇಳಿಸಿತು.