ಗಾಜು ಗೀರುವ ಕಲ್ಲು

ಶಾಲೆಯ ಕಲ್ಲುಗಳ ಕಪಾಟಿನಲ್ಲಿ ‘ಚರ್ಟ್’ ಎಂದು ಚೀಟಿ ಅಂಟಿಸಿದ ಖಾನೆ ಹನ್ನೊಂದು ವರ್ಷದಿಂದ ಖಾಲಿಯಿತ್ತು. ಈ ಭಾನುವಾರ ಅದನ್ನು ತುಂಬಿಯೇ ಸಿದ್ಧ ಎಂದು ಭೂಗೋಳದ ಟೀಚರಮ್ಮ ಘೋಷಿಸಿಬಿಟ್ಟರು.

“ದುಡ್ಡು ಕೊಟ್ಟು ತರಿಸಿ ಯಾರು ಬೇಕಾದ್ರೂ ಇಡ್ತಾರೆ. ನಾನು ಕೈಯಾರೆ ಹುಡುಕಿ ತರ್ತೀನಿ.”

“ನೀನು ಹೊರಟಿರೋ ಆ ಹಳ್ಳದಲ್ಲಿ ಇರೋದೆಲ್ಲ ಸುಣ್ಣದಕಲ್ಲು. ಎಲ್ಲಾ ಒಂದೇ ಥರ ಕಾಣ್ತವೆ,” ಎಂದರು ಕನ್ನಡಕದ ಅಂಗಡಿ ನಡೆಸುವ ಗಂಡ.

“ನಿಮ್ಮ ಕಣ್ಣಿಗೆ. ಅದರೊಳಗೇ ಚರ್ಟ್ ಗಂಟುಗಂಟಾಗಿ ಅಡಗಿರತ್ತೆ. ಅದೂ ಪದರಶಿಲೆನೇ, ಆದ್ರೆ ಮೈಯೆಲ್ಲಾ ಕ್ವಾರ್ಟ್ಸು. ಗಾಜಿನ ಮೇಲೆ ಎಳೆದ್ರೆ ಗಾಜಿಗೆ ಗೀರು ಬೀಳಲೇಬೇಕು. ಸುಣ್ಣದಕಲ್ಲಿಗೆ ಆ ತಾಕತ್ತಿಲ್ಲ.”

ಭಾನುವಾರ ಹಳ್ಳದ ದಂಡೆಯಲ್ಲಿ ಗಂಡ ಕಾರಿನ ನೆರಳಲ್ಲಿ ನಿದ್ದೆ ತೆಗೆದರು. ಟೀಚರಮ್ಮ ಸುತ್ತಿಗೆ ಹಿಡಿದು ದಂಡಯಾತ್ರೆಗೆ ಹೊರಟಂತೆ ಒಣಹಳ್ಳಕ್ಕೆ ಇಳಿದರು. ಮೂರು ಗಂಟೆ ಕುಟ್ಟಿದರು. ಅದರಲ್ಲಿ ಎರಡು ಏಟು ಹೆಬ್ಬೆರಳಿಗೆ ಬಿತ್ತು. ಕೊನೆಗೆ ಅನುಮಾನಾಸ್ಪದವಾದ ಹದಿಮೂರು ಕಲ್ಲುಗಳನ್ನು ಬಂಧಿಸಿ ಮನೆಗೆ ತಂದರು.

ಗಂಡ ಸ್ನಾನಕ್ಕೆ ಹೋಗಿದ್ದರು. ಟೀಚರಮ್ಮ ಗಾಜಿಗಾಗಿ ತಡಕಿದಾಗ ಅವರ ಅಂಗಡಿ ಚೀಲದಲ್ಲಿ, ಡಬ್ಬಿಯೊಳಗೆ ಒಂದು ಕನ್ನಡಕ ಸಿಕ್ಕಿತು. ಯಾರೋ ಬಿಟ್ಟುಹೋದ ಹಳೆಯದಿರಬೇಕು ಎಂದುಕೊಂಡು ಅಡುಗೆಮನೆಯ ಕಟ್ಟೆಯ ಮೇಲೆ ಪರೀಕ್ಷೆ ಶುರು ಮಾಡಿದರು. ಮೊದಲ ಕಲ್ಲು ಗೀರಿತು. ಎರಡನೆಯದೂ ಗೀರಿತು. ಹದಿಮೂರಕ್ಕೆ ಹದಿಮೂರೂ ಪಾಸು. ತರಗತಿಯಲ್ಲಿ ಅವರು ಇಂಥ ಫಲಿತಾಂಶ ಕಂಡೇ ಇರಲಿಲ್ಲ. ಕನ್ನಡಕವನ್ನು ಮತ್ತೆ ಡಬ್ಬಿಗೆ ಹಾಕಿ ಚೀಲದಲ್ಲಿಟ್ಟು, ತಡಮಾಡದೆ ಹೆಡ್‌ಮಾಸ್ಟರಿಗೆ ಫೋನು ಮಾಡಿದರು. ಪಕ್ಕದ ಬೀದಿಯಿಂದ ಅವರು ಹತ್ತೇ ನಿಮಿಷದಲ್ಲಿ ಬಂದು ಕೂತರು.

“ಹತ್ತಿರದಿಂದ ನೋಡ್ಬೇಕು. ನನ್ನ ಹೊಸ ಕನ್ನಡಕ ರೆಡಿ ಇದೆಯಾ?” ಎಂದು ಗಂಡನನ್ನು ಕೇಳಿದರು.

ಗಂಡ ಚೀಲದಿಂದ ಡಬ್ಬಿ ತೆಗೆದು ತೆರೆದರು. ಥಟ್ಟನೆ ಮುಚ್ಚಿ ಮೇಜಿನ ಮೇಲಿಟ್ಟು, ಹೆಂಡತಿಯನ್ನು ಅಡುಗೆಮನೆಗೆ ಕರೆದರು.

“ಆ ಕನ್ನಡಕಕ್ಕೇನು ಮಾಡಿದೆ?”

“ಪರೀಕ್ಷೆ. ಗಾಜಿನ ಮೇಲೆ...”

“ಗಾಜೆಲ್ಲಿ ಬಂತು? ಈಗಿನ ಕನ್ನಡಕ ಎಲ್ಲಾ ಪ್ಲಾಸ್ಟಿಕ್ಕು ಕಣೇ. ಸುಣ್ಣದಕಲ್ಲಲ್ಲಿ ಉಜ್ಜಿದ್ರೂ ಗೀರು ಬೀಳತ್ತೆ.”

ಟೀಚರಮ್ಮ ಒಂದು ಗಾಜಿನ ಲೋಟ ಎತ್ತಿಕೊಂಡರು. ಒಂದೊಂದೇ ಕಲ್ಲು ಎಳೆದರು. ಬರೀ ಬಿಳಿ ಪುಡಿ, ಒರೆಸಿದರೆ ಹೋಯಿತು. ಹೀಗೆ ಹನ್ನೆರಡು ಕಲ್ಲು ಫೇಲು. ಹದಿಮೂರನೆಯದು ಮೇಣ ಸವರಿದಂಥ ಬೂದುಕಲ್ಲು, ಚೂಪು ಅಂಚಿನದು. ಅದು ಲೋಟದ ಮೇಲೆ ಕಿರ್ರೆಂದಿತು. ಒರೆಸಿದರು. ಗೀರು ಹೋಗಲಿಲ್ಲ. ಇನ್ನೊಮ್ಮೆ ಒರೆಸಿದರು. ಊಹೂಂ.

“ಸಿಕ್ಕೇಬಿಡ್ತಲ್ಲ,” ಎಂದು ಗಂಡನಿಗೂ ನಗು ಬಂತು. “ಕನ್ನಡಕ ನಾಳೆ ಬೇರೆ ಮಾಡಿಕೊಡ್ತೀನಿ, ಹೋಗು.”

ಟೀಚರಮ್ಮ ಆ ಕಲ್ಲನ್ನು ತಟ್ಟೆಯಲ್ಲಿಟ್ಟುಕೊಂಡು, ಪದಕ ಗೆದ್ದವರ ಹಾಗೆ ತಲೆಯೆತ್ತಿ ಹೊರಗೆ ಬಂದರು. “ಸಾರ್, ಇದು ಉಕ್ಕಿಗಿಂತ ಗಟ್ಟಿ. ಯಾವ ಚಾಕೂ ಇದರ ಮೇಲೆ ಒಂದು ಗೆರೆ ಎಳೆಯಲಾರದು.”

ಹೆಡ್‌ಮಾಸ್ಟರು ಅಷ್ಟರಲ್ಲಿ ತಾವೇ ಡಬ್ಬಿ ತೆರೆದು ಹೊಸ ಕನ್ನಡಕ ಹಾಕಿಕೊಂಡಿದ್ದರು. ಕಲ್ಲನ್ನು ಕಣ್ಣ ಹತ್ತಿರ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು.

“ಗಟ್ಟಿ ಅಂತೀರಿ,” ಎಂದರು ಮೆಲ್ಲಗೆ. “ಮೈತುಂಬಾ ಗೀರು ಬಿದ್ದಿದೆಯಲ್ಲಮ್ಮ.”