ಅಜ್ಜಿಗೆ ಮಾತ್ರ ಅರ್ಥವಾಗುವ ಮಾತು

ಜ್ವರ ಬಂದರೆ ಹಣೆ ಮುಟ್ಟಿ ನೋಡಬಹುದು. ಅನ್ನ ಬೆಂದಿದೆಯೋ ಇಲ್ಲವೋ ಒಂದಗುಳು ಹಿಸುಕಿದರೆ ತಿಳಿಯುತ್ತದೆ. ಹಿಟ್ಟು ನುಣ್ಣಗಾಗಿದೆಯೇ ಎಂಬುದನ್ನು ಎರಡು ಬೆರಳ ನಡುವೆ ಉಜ್ಜಿಯೇ ಹೇಳಬಲ್ಲೆ, ಎನ್.ಆರ್. ಪುರದ ಪೇಟೆಯಲ್ಲಿ ಮೂವತ್ತು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿರುವವಳು ನಾನು. ಆದರೆ ಮಗುವಿಗೆ ಮಾತು ತಡವಾಗಿದೆಯೋ, ಇಲ್ಲಾ ನಮಗೇ ಅವಸರವೋ ಎಂಬುದನ್ನು ಎಲ್ಲಿ ಮುಟ್ಟಿ, ಎಲ್ಲಿ ಹಿಸುಕಿ ನೋಡಬೇಕು? ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ ಎನ್ನುವ ಹಾಗಿಲ್ಲ. ಊರೆಲ್ಲ ಹೇಳಿಕೊಟ್ಟಿತು. ತಲೆ ಕೆಟ್ಟದ್ದು ಅದರಿಂದಲೇ.

ಮಗು ಎಂದರೆ ನನ್ನ ಮೊಮ್ಮಗ ಧ್ರುವ. ಆಗ ಅವನಿಗೆ ಎರಡೂ ಮುಕ್ಕಾಲು ವರ್ಷ. ಅವನಮ್ಮ ಸೌಮ್ಯ, ನನ್ನ ಸೊಸೆ, ಕೊಪ್ಪದ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಅವಳು ಬಸ್ಸು ಹತ್ತಿದಳೆಂದರೆ ಮಗು ನನ್ನ ಸೊಂಟ ಹತ್ತುತ್ತಿತ್ತು. ನಾನು ಗಿರಣಿಗೆ, ನನ್ನ ಜೊತೆ ಅದೂ ಗಿರಣಿಗೆ. ಮಾತಾಡುತ್ತಿರಲಿಲ್ಲ ಎಂದಲ್ಲ. ದಿನವಿಡೀ ಆಡುತ್ತಿತ್ತು. ಆದರೆ ಬಾಯಿಂದ ಬರುವುದೆಲ್ಲ ಗಂಜಿಯ ತಿಳಿ, ಅದರಲ್ಲಿ ಅಗುಳೇ ಇಲ್ಲ. ಬೆಲ್ಲಕ್ಕೂ 'ಎಎ', ಬೆಕ್ಕಿಗೂ 'ಎಎ'. ಕೇಳಿದವರು ನನ್ನ ಮುಖ ನೋಡುವರು. ನಾನು ಬೆಲ್ಲವನ್ನೋ ಬೆಕ್ಕನ್ನೋ ತೋರಿಸುವೆ. ಒಂದು ದಿನವೂ ತಪ್ಪಿದ್ದಿಲ್ಲ. ರಾಗಿ ಬೀಸಿಸಲು ಬರುವ ಗಿರಿಜಕ್ಕ ಮೂಗಿನ ಮೇಲೆ ಬೆರಳಿಡುತ್ತಿದ್ದಳು. "ನಿಂಗೆ ಅದು ಹ್ಯಾಂಗೆ ಗೊತ್ತಾಗ್ತದೆ ಮಾರಾಯ್ತಿ? ನಂಗಂತೂ ಒಂದಕ್ಷರ ತಿಳೀಲಿಲ್ಲ." ನಾನು ಹಿಟ್ಟು ಕೊಡವುತ್ತಾ, "ಸಾಕಿದವರಿಗೆ ತಿಳೀತದೆ" ಎನ್ನುತ್ತಿದ್ದೆ. ಜಂಬ ಇತ್ತು, ಇಲ್ಲವೆನ್ನುವುದಿಲ್ಲ. ಹೆತ್ತ ತಾಯಿಗೂ ತಿಳಿಯದ ಮಾತು ನನಗೆ ತಿಳಿಯುತ್ತದಲ್ಲ!

ಗಿರಣಿಯಲ್ಲಿ ಬಾಯಿಯ ಮಾತಿಗೆ ಬೆಲೆ ಇಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಯಂತ್ರ ತಿರುಗಲು ಶುರುವಾದರೆ ಪಕ್ಕದಲ್ಲಿ ನಿಂತು ಬೈದರೂ ಕೇಳಿಸುವುದಿಲ್ಲ. ಅಲ್ಲಿ ಎಲ್ಲವೂ ಕೈಯಲ್ಲೇ. ಬೆರಳಿಗೆ ಬೆರಳು ಉಜ್ಜಿದರೆ ನುಣ್ಣಗೆ ಬೀಸು ಎಂದು, ಮುಷ್ಟಿ ಬಿಗಿದು ಬಿಟ್ಟರೆ ತರಿತರಿ, ಅಂಗೈ ಕೆಳಗೆ ಮಾಡಿದರೆ ಯಂತ್ರ ನಿಲ್ಲಿಸು. ಧ್ರುವ ನಡೆಯುವ ಮೊದಲೇ ಇದನ್ನೆಲ್ಲ ಕಲಿತ. ನೀರು ಬೇಕಾದರೆ ಹೆಬ್ಬೆರಳನ್ನು ಬಾಯಿಗೆ ಓರೆ ಮಾಡುವುದು, ಸಾಕಾದರೆ ಅಂಗೈ ಕೆಳಗೆ. ಮೂಲಂಗಿಯಷ್ಟು ಉದ್ದದ ಮಗು ನಿಂತುಕೊಂಡು ಗಿರಾಕಿಗೆ 'ನುಣ್ಣಗೋ, ತರಿಯೋ' ಎಂದು ಕೈಯಲ್ಲಿ ಕೇಳುವುದನ್ನು ನೋಡಿದರೆ ಯಾರು ತಾನೆ ಅದಕ್ಕೆ ತೊಂದರೆ ಇದೆ ಎಂದಾರು?

ಸೌಮ್ಯ ಅಂದಳು. "ಅತ್ತೆ, ಒಂದ್ಸಲ ತೋರಿಸಿಕೊಂಡು ಬರಣ. ಅವನ ವಯಸ್ಸಿನ ಮಕ್ಕಳು ಕಥೆ ಹೇಳ್ತಾವೆ."

"ನಿನ್ನ ಚಿಕ್ಕಮಾವ ನಾಲ್ಕು ವರ್ಷಕ್ಕೆ ಬಾಯಿ ಬಿಟ್ಟಿದ್ದು. ಈಗ ಮೈಕ್ ಕೊಟ್ರೆ ವೇದಿಕೆ ಇಳಿಯೋದೇ ಇಲ್ಲ. ಎಂತ ಅವಸರ ನಿಂಗೆ?" ಎಂದೆ.

ಐದು ತಿಂಗಳು ಹೀಗೇ ತಳ್ಳಿದೆ. ಸುಮ್ಮನೆ ಕೂತಿರಲಿಲ್ಲ ಮತ್ತೆ. ಗಿರಿಜಕ್ಕ ಬಜೆ ತೇಯ್ದು ನಾಲಿಗೆಗೆ ಹಚ್ಚು ಎಂದಳು, ಹಚ್ಚಿದೆ. ಆ ಖಾರಕ್ಕೆ ಮಗು ಬಾಯಿ ಮುಚ್ಚುವುದನ್ನು ಚೆನ್ನಾಗಿ ಕಲಿಯಿತು. ನನ್ನ ಕೈಯಲ್ಲಿ ಬಟ್ಟಲು ಕಂಡರೆ ಸಾಕು, ತುಟಿ ಬೀಗ. ಕಿರಾಣಿ ಅಂಗಡಿಯವರು ಗಂಡುಮಕ್ಕಳು ನಿಧಾನ ಎಂದರು. ಅವರ ಹೆಂಡತಿ, ಮೊಬೈಲು ನೋಡಿದರೆ ಹಾಗಾಗುತ್ತದೆ ಎಂದರು. ನಮ್ಮ ಮಗು ಮೊಬೈಲು ನೋಡುವುದಿಲ್ಲ ಎಂದರೆ, ಹಾಗಾದರೆ ಸ್ವಲ್ಪ ತೋರಿಸಿ, ಅದರಲ್ಲಿ ಪದ್ಯ ಬರುತ್ತದೆ ಎಂದರು. ಕಾಯಬೇಕು ಎಂದವರೂ ಗಟ್ಟಿಯಾಗಿ ಹೇಳಿದರು, ಓಡಬೇಕು ಎಂದವರೂ ಗಟ್ಟಿಯಾಗಿ ಹೇಳಿದರು. ನಾನು ಯಾವ ಕಡೆ ಎಂದು ನನಗೇ ತಿಳಿಯದೆ, ಬಂದವರ ರಾಗಿ ಬೀಸಿಕೊಟ್ಟೆ.

ಆಮೇಲೆ ಅಂಗನವಾಡಿಗೆ ಸೇರಿಸಿದೆವು. ನಾಲ್ಕನೆಯ ದಿನ ಮಧ್ಯಾಹ್ನ ಕರೆದುಕೊಂಡು ಬರಲು ಹೋದರೆ, ಮಗು ನನ್ನನ್ನು ಕಂಡದ್ದೇ ಹೆಬ್ಬೆರಳನ್ನು ಬಾಯಿಗೆ ಓರೆ ಮಾಡಿತು. ಬಾಟಲಿ ಕೊಟ್ಟೆ. ಉಸಿರು ತೆಗೆಯದೆ ಖಾಲಿ ಮಾಡಿ ಮತ್ತೆ ಹೆಬ್ಬೆರಳು. ಟೀಚರಮ್ಮ ಪಾಪ, ಒಳ್ಳೆಯವರು. "ಬೆಳಗ್ಗಿಂದ ಎಂತದೋ ಕೇಳ್ತಿದ್ದ ಅಜ್ಜಿ. ಬೆರಳು ಚೀಪ್ತಾನೆ ಅಂತ ಮಾಡಿ ಕೈ ತೆಗೀತಿದ್ದೆ" ಎಂದರು. ಮಗು ನೀರು ಕೇಳಿದೆ, ಅವರು ಕೈ ತೆಗೆದಿದ್ದಾರೆ. ತಪ್ಪು ಅವರದ್ದಲ್ಲ. ಗಿರಣಿಯ ಭಾಷೆ ಗಿರಣಿಯ ಹೊಸಿಲು ದಾಟುವುದಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ನಾನು ಎಷ್ಟು ಅಂಗನವಾಡಿಗೆ, ಎಷ್ಟು ಶಾಲೆಗೆ ಹಿಂದೆ ಹಿಂದೆ ಹೋಗಿ 'ನೀರಂತೆ' ಎಂದು ಹೇಳುತ್ತಾ ನಿಲ್ಲಲಿ? ನನಗೇನು ನೂರು ವರ್ಷವೇ? ಸಂಜೆ ಸೊಸೆಗೆ, "ನಡಿ, ತೋರಿಸಣ" ಎಂದೆ. ಅವಳು ಚೀಲ ಇಳಿಸದೆ ಫೋನು ತೆಗೆದಳು, ನಾನು ಎಲ್ಲಿ ಮನಸ್ಸು ಬದಲಿಸುತ್ತೇನೋ ಎಂದು.

ಶಿವಮೊಗ್ಗದಲ್ಲಿ ಮಾತು ಕಲಿಸುವವಳು ಎಂದರೆ ನಾನು ವಯಸ್ಸಾದವರನ್ನು ಎಣಿಸಿದ್ದೆ. ನೋಡಿದರೆ ಚಿಕ್ಕ ಹುಡುಗಿ. ಗಟ್ಟಿಯಾಗಿ ಮಾತಾಡಿದಳು, ಮರ್ಯಾದೆಯಿಂದಲೂ ಮಾತಾಡಿದಳು. "ಏನ್ ಹೆಸ್ರು ಪುಟ್ಟ?" ಎಂದಳು. "ಧ್ರುವ" ಎಂದೆ. "ಏನು ತಿಂದೆ?" ಎಂದಳು. "ಅಕ್ಕಿರೊಟ್ಟಿ" ಎಂದೆ. "ಅಜ್ಜಿ, ನಿಮ್ಮ ಮಾತು ಚೆನ್ನಾಗಿದೆ. ಈಗ ಅವನದ್ದು ಕೇಳೋಣ" ಎಂದಳು. ಸೌಮ್ಯ ಸೆರಗಿನಲ್ಲಿ ನಕ್ಕದ್ದು ಕಂಡಿತು.

ಆಮೇಲೆ ಅವಳು ಆಟದ ಸಾಮಾನು ಹರಡಿ, ಒಂದು ರಟ್ಟನ್ನು ತನ್ನ ಬಾಯಿಗೆ ಅಡ್ಡ ಹಿಡಿದು ಕೂತಳು. ಮಗು ಚೆಂಡು ಉರುಳಿಸುತ್ತಾ ಇತ್ತು. ಸ್ವಲ್ಪ ಹೊತ್ತು ಕಳೆಯಿತು. ರಟ್ಟು ಇಳಿಸಿ ಏನೋ ಬರೆದುಕೊಂಡಳು. "ಕೊಡ್ಲಿಲ್ಲ ನೋಡಿ" ಎಂದಳು. ನನಗೆ ರೇಗಿತು. "ಮೊದ್ಲು ನೀನು ಬಾಯಿ ಬಿಟ್ಟು ಕೇಳು ತಾಯಿ. ಆಮೇಲೆ ಮಗು ಕೊಡ್ಲಿಲ್ಲ ಅನ್ನು."

ಸೌಮ್ಯ ನನ್ನ ಮಂಡಿಯ ಮೇಲೆ ಕೈ ಇಟ್ಟಳು. "ಅತ್ತೆ, ಅವ್ರು ಮೂರು ಸಲ ಕೇಳಿದ್ರು. ಕಾರು ಕೊಡು ಅಂತ."

ಆ ಹುಡುಗಿ ನನ್ನನ್ನು ನೋಡಿದಳು, ಮಗುವನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಬಂದದ್ದು ಒಂದು ಚೀಟಿ ಮಾಡಿಸಿಕೊಂಡು. ಹೊರಟದ್ದು ಕಿವಿ ಡಾಕ್ಟರಿಗೆ ಎರಡು ಚೀಟಿ ಹಿಡಿದುಕೊಂಡು.

ಮಗುವಿನ ಕಿವಿಪರದೆಯ ಹಿಂದೆ ನೀರು ನಿಂತಿದೆಯಂತೆ, ಮತ್ತೆ ಮತ್ತೆ ಬಂದ ನೆಗಡಿಯಿಂದ. ಜೋರಾದದ್ದು ಕೇಳುತ್ತದೆ, ಸಣ್ಣ ಸದ್ದು ಉದುರಿಹೋಗುತ್ತದೆ, ಜರಡಿ ಹಿಡಿದ ಹಾಗೆ. ನಾನು ಕೂಗಿದರೆ ಓಡಿ ಬರುತ್ತಿತ್ತಲ್ಲ, ಅದಕ್ಕೇ ಕಿವಿ ಚುರುಕು ಎಂದು ತಿಳಿದಿದ್ದೆ. ನಾನು ಕೂಗಿದರೆ ಬೀದಿಯವರೂ ತಿರುಗಿ ನೋಡುತ್ತಾರೆ, ಅದು ಬೇರೆ ವಿಷಯ. ಅವನದ್ದು ಔಷಧಿಯಿಂದ ಸರಿಹೋಗಬಹುದು, ಇಲ್ಲವಾದರೆ ಸಣ್ಣದೊಂದು ಆಪರೇಷನ್ನು ಎಂದರು. ನನ್ನದು ಮೂವತ್ತು ವರ್ಷದ ಯಂತ್ರದ ಸದ್ದು ತಿಂದು ಸವೆದದ್ದು, ಸರಿಹೋಗುವುದಲ್ಲ. ಕಿವಿಗೆ ಮಿಷನ್ನು ಹಾಕಿಕೊಳ್ಳಬೇಕು ಎಂದರು. ಮಗುವನ್ನು ಗಿರಣಿಗೆ ಇನ್ನು ಕರೆದೊಯ್ಯಬಾರದು. ಅದೊಂದು ಮಾತು ಮಾತ್ರ ನನಗೆ ಮಿಷನ್ನಿಲ್ಲದೆಯೇ ಸರಿಯಾಗಿ ಕೇಳಿಸಿತು.

"ಮತ್ತೆ ಯಾವಾಗ ಬರಬೇಕಿತ್ತಮ್ಮ ನಾವು? ಯಾರೂ ಒಂದು ಲೆಕ್ಕ ಹೇಳೋದಿಲ್ಲ" ಎಂದು ಆ ಹುಡುಗಿಯನ್ನು ಕೇಳಿದೆ. "ಮೂರು ವರ್ಷದ ಹೊತ್ತಿಗೆ ಹೊರಗಿನವರಿಗೂ ಹೆಚ್ಚುಕಡಿಮೆ ಅರ್ಥ ಆಗ್ಬೇಕು ಅಜ್ಜಿ. ಆದ್ರೆ ಅಲ್ಲೀವರೆಗೆ ಕಾಯೋದು ಬೇಡ. ಅನುಮಾನ ಬಂದ ದಿನಾನೇ ಬರೋ ದಿನ" ಎಂದಳು. ಅನುಮಾನ ಸೊಸೆಗೆ ಬಂದು ಐದು ತಿಂಗಳಾಗಿತ್ತು.

ಬಸ್ಸಿನಲ್ಲಿ ಬರುವಾಗ ಅದೇ ಯೋಚನೆ. ಅವನ ಮಾತು ನನಗೊಬ್ಬಳಿಗೆ ಅರ್ಥವಾಗುತ್ತದೆ ಎಂದು ಮೆರೆದೆನಲ್ಲ, ಅವನ ಮಾತನ್ನು ನಾನು ಕೇಳಿದ್ದೇ ಇಲ್ಲ! ಅವನ ಕಣ್ಣು, ಕೈ, ತುಟಿ ನೋಡಿ ಹೇಳುತ್ತಿದ್ದೆ. ಅವನೂ ನನ್ನದನ್ನು ಹಾಗೇ. ಕೇಳಿಸಿಕೊಳ್ಳುವ ಕಷ್ಟ ಇದ್ದದ್ದು ಸೌಮ್ಯಳಿಗೆ, ಗಿರಿಜಕ್ಕನಿಗೆ. ನಾವಿಬ್ಬರು ಸುಖವಾಗಿದ್ದೆವು.

ಈಗ ಔಷಧಿ ನಡೆಯುತ್ತಿದೆ, ಪಾಠವೂ ನಡೆಯುತ್ತಿದೆ. ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕು, ಕೇಳಿದ ಕೂಡಲೇ ಕೊಡಬಾರದು, ಅವನು ಹೇಳುವವರೆಗೆ ಕಾಯಬೇಕು. ನನ್ನ ಮಿಷನ್ನು ಹೆಚ್ಚಾಗಿ ಡಬ್ಬಿಯಲ್ಲಿರುತ್ತದೆ. ಹಾಕಿಕೊಂಡರೆ ಪಾತ್ರೆಯ ಸದ್ದೆಲ್ಲ ತಲೆಯೊಳಗೇ ಬೀಳುತ್ತದೆ, ನನ್ನ ದನಿ ನನಗೇ ಜಗಳದಂತೆ ಕೇಳುತ್ತದೆ. ಇಷ್ಟು ವರ್ಷ ಇದನ್ನು ಊರವರು ಹೇಗೆ ತಡೆದುಕೊಂಡರೋ.

ಮೊನ್ನೆ ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಧ್ರುವ ಬಂದು ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ದಡ್ಡರಿಗೆ ಹೇಳುವ ಹಾಗೆ ನಿಧಾನವಾಗಿ ಏನೋ ಹೇಳಿದ. ಕೈ ಎತ್ತಲಿಲ್ಲ, ಬೆರಳು ತೋರಿಸಲಿಲ್ಲ. ಕೈ ಇಲ್ಲದ ಅವನ ಮಾತನ್ನು ಏನು ಮಾಡಬೇಕೆಂದು ತಿಳಿಯದೆ, "ಇನ್ನೊಂದ್ಸಲ ಹೇಳು ಮಗ" ಎಂದೆ. ಅವನು ಹೇಳಿದ. "ಇನ್ನೊಂದ್ಸಲ" ಎಂದೆ. ಮತ್ತೆ ಹೇಳಿದ.

ಬಾಗಿಲಲ್ಲಿ ನಿಂತಿದ್ದ ಸೌಮ್ಯಳ ಕಣ್ಣಲ್ಲಿ ನೀರು. ಹತ್ತಿರ ಬಂದು, ನನಗೆ ಕೇಳುವಷ್ಟು ಗಟ್ಟಿಯಾಗಿ, "ಬೆಲ್ಲ ಅಂದ ಅತ್ತೆ! ಮೂರೂ ಸಲ ಸರಿಯಾಗಿ ಅಂದ! ಎಷ್ಟು ಚೆನ್ನಾಗಿ ಪಾಠ ಹೇಳಿಕೊಡ್ತೀರಿ ನೀವು" ಎಂದಳು.

ನಾನು ಎದ್ದು ಬೆಲ್ಲದ ಡಬ್ಬಿ ತೆಗೆದೆ. ಅದರ ಪಕ್ಕದಲ್ಲೇ ಇನ್ನೊಂದು ಡಬ್ಬಿಯಿತ್ತು, ಮಿಷನ್ನಿನದ್ದು. ಅದನ್ನು ಅವಳಿಗೆ ಕಾಣದ ಹಾಗೆ ಹಿಂದಕ್ಕೆ ಸರಿಸಿದೆ.