ಮುದಿ ಎಂಜಿನ್ನಿಗೆ ಹರೇ ಬಂದಾಗ

ಉಗಿ ಎಂಜಿನ್ನಿನ ಮ್ಯಾಲ ನೌಕರಿ ಮಾಡಿದಾವ್ರಿಗೆ ಮಾರಿ ಕರ್ರಗ ಆಗೂದೂ ತಪ್ಪೂದಿಲ್ಲ, ನಗೂದೂ ತಪ್ಪೂದಿಲ್ಲ. ನಾ ಟಿಕೋಟಾದಾಂವ. ಐವತ್ತರ ದಶಕ ಮುಗಿಯೂ ಹೊತ್ತಿಗೆ ವಿಜಾಪುರ ಶೆಡ್ಡಿನಾಗ ಫಾಯರಮನ್ ಆಗಿ ಸೇರಿದೆ. ಅಂದ್ರ ಎಂಜಿನ್ನಿನ ಒಲಿಗೆ ಕಲ್ಲಿದ್ದಲಿ ಹಾಕಾಂವ. ನಮ್ಮ ಡ್ರೈವರ್ ಕಾಕಾ ಹೊನವಾಡದ ಒಕ್ಕಲತನದ ಮನ್ಯಾಂವ. ಎಂಜಿನ್ನನ್ನೂ ಎತ್ತಿನಂಗ ಮಾತಾಡಸಾಂವ. ಆ ಎಂಜಿನ್ ನಮ್ಮಿಬ್ಬರಿಗಿಂತ ಹಿರೇದು, ಏರಿ ಬಂತಂದ್ರ ಕೆಮ್ಮತಿತ್ತು. ಆದ್ರ ಯಾರರೆ ಅದಕ್ಕ ಮುದಿ ಅಂದ್ರೋ, ಕಾಕಾ ಅವರ ಕೂಡ ಎಂಟು ದಿನ ಮಾತ ಬಿಡಾಂವ.

ಸೀತನಿ

ಚಳಿಗಾಲದಾಗ ನಮ್ಮ ಕಡೆ ಎಳಿ ಜ್ವಾಳದ ತೆನಿ ಸುಟ್ಟು, ತಿಕ್ಕಿ, ಸೀತನಿ ಮಾಡಿ ತಿಂತೀವಿ. ಒಂದು ಮುಂಜಾನೆ ಸಣ್ಣ ಸ್ಟೇಶನ್ನಿನಾಗ ಗಾಡಿ ನಿಂತಾಗ ಕಾಕಾ ಇದ್ದಲಿ ಸಲಿಕಿ ತೊಳದು, ಅದರ ಮ್ಯಾಲ ತೆನಿ ಇಟ್ಟು ಒಲ್ಯಾಗ ಹಿಡದ. ವಾಸನಿ ಎಲ್ಲಾ ಡಬ್ಬಿಗೂ ಹೋತು. ಬಬಲೇಶ್ವರದ ಅಜ್ಜಿ ಒಬ್ಬಾಕಿ ಶೇಂಗಾ ಹಿಂಡಿ ಗಂಟು ಬಿಚಗೋಂತ ಎಂಜಿನ್ನಿಗೇ ಬಂದ್ಲು. ಗಾಡಿ ಹೊಂಡೂ ಟೈಮ್ ಮೀರಿ ಹೋತು.

ಹಿಂದಿನ ಡಬ್ಬಿಯಿಂದ ಗಾರ್ಡ್ ಸಾಹೇಬ್ರು ಬೈಕೋಂತ ಬಂದ್ರು. ಕಾಕಾ ಬಿಸಿ ಸೀತನಿ ಬೊಗಸ್ಯಾಗ ಹಿಡದ. ಸಾಹೇಬ್ರ ಹತ್ರ ಹಾಕ್ಕೊಳ್ಳಾಕ ಏನೂ ಇರಲಿಲ್ಲ. ಗಾಡಿ ಬಿಡಾಕ ಬೀಸೂ ಕೈಯಾಗಿನ ಹಸರ ನಿಶಾನ್ಯಾಗ ಕಟಗೊಂಡು ತಮ್ಮ ಡಬ್ಬಿಗೆ ಹ್ವಾದ್ರು.

ನಾವು ತಯಾರಾಗಿ ಹಿಂದಕ ನೋಡಿದ್ರ ನಿಶಾನಿ ಹಾರವಲ್ದು. ನಾ ಓಡಿ ಹೋಗಿ ಯಾಕ್ರಿ ಅಂತ ಕೇಳಿದೆ. ಸಾಹೇಬ್ರು ಬಾಯಿ ತುಂಬ ಅಗಕೋಂತ ಅಂದ್ರು: "ತಡೀಪಾ, ನಿಶಾನಿ ಇನ್ನೂ ಅರ್ಧಾ ಉಳದೈತಿ."

ಸಿದ್ಧೇಶ್ವರ ಗುಡ್ಯಾಗ

ಅರವತ್ತರ ದಶಕದ ನಡುವ ಒಂದು ಕೆಟ್ಟ ಸುದ್ದಿ ಬಂತು. ಶೆಡ್ಡಿನಾಗಿನ ಹಳೇ ಎಂಜಿನ್ನ ಎಲ್ಲಾ ಮೋಡಕಾಕ್ಕ ಹಾಕಿ, ಮುರದು ಕಬ್ಬಣ ಮಾರ್ತಾರಂತ. ಎಲ್ಲಾಕಿಂತ ಹಳೇದು ಯಾವದೈತಿ, ಅದೊಂದನ್ನ ಮಾತ್ರ ಉಳಿಸಿ, ಮಂದಿ ನೋಡ್ಲಿ ಅಂತ ಸ್ಟೇಶನ್ ಮುಂದ ನಿಲ್ಲಸ್ತಾರಂತ. ಆರಿಸಾಕ ದೊಡ್ಡ ಸಾಹೇಬ್ರು ಸೋಮವಾರ ಬರಾವ್ರಿದ್ರು. ಕಾಕಾ ಉಣ್ಣೂ ರೊಟ್ಟಿ ಅಲ್ಲೇ ಬಿಟ್ಟು ಎದ್ದ.

ನನ್ನ ಕರಕೊಂಡು ಸಿದ್ಧೇಶ್ವರ ಗುಡಿಗೆ ಹ್ವಾದ. ಯಾರ ಹೆಸರಲೆ ಪೂಜಿ ಅಂತ ಪೂಜಾರಿ ಕೇಳಿದ. ಕಾಕಾ ಎಂಜಿನ್ನಿನ ನಂಬರ ಹೇಳಿದ. ನಂಬರ ಅಂದಕೂಡ್ಲೆ ಪೂಜಾರಿ ಹೊಲದ ಸರ್ವೇ ನಂಬರ, ಕೋರ್ಟಿನ ಕೇಸು ಅಂತ ತಿಳಕೊಂಡು, ತಾರೀಖು ಯಾವಾಗ ಐತಿ ಅಂದ. ಸೋಮವಾರ ಅಂದ ಕಾಕಾ. ಎದುರಿನ ಪಾರ್ಟಿ ಯಾರು ಅಂತ ಕೇಳಿದ್ದಕ್ಕ, ಮೋಡಕಾ ಅಂಗಡ್ಯಾಂವ ಅಂದ. ಪೂಜಾರಿ ಕಾಯಿ ಒಡದು, ಪ್ರಸಾದ ಕೊಟ್ಟು, ಕಾಕಾನ ಬೆನ್ನು ಚಪ್ಪರಿಸಿದ: "ಚಿಂತಿ ಬ್ಯಾಡ. ಹೊಲದ ಖಾತೆ ಉತಾರ ನಿನ್ನ ಹೆಸರಲೇ ಬರತೈತಿ."

ಹಲ್ಲು ನೋಡಿದ್ದು

ಎತ್ತಿನ ಸಂತ್ಯಾಗ ಮುದಿ ಎತ್ತಿನ ಕೋಡು ಹೆರದು, ಎಣ್ಣಿ ತಿಕ್ಕಿ, ಹರೇದ ಎತ್ತು ಮಾಡಿ ನಿಲ್ಲಸ್ತಾರ. ಕಾಕಾಗ ಆ ವಿದ್ಯಾ ಅಪ್ಪನಿಂದ ಬಂದಿತ್ತು. ಸೋಮವಾರದೊಳಗ ಎಂಜಿನ್ನಿಗೆ ಬಣ್ಣ ಬಳದ್ವಿ, ತ್ಯಾಪಿ ಮುಚ್ಚಿದ್ವಿ, ಹಿತ್ತಾಳಿ ತಿಕ್ಕಿದ್ವಿ. ಹಳೇದು ಬೇಕು ಅನ್ನಾವ್ರ ಮುಂದ ಹರೇದ್ದು ಮಾಡಿ ನಿಲ್ಲಸಾಕತ್ತೇವಿ ಅನ್ನೂದು ಇಬ್ಬರಿಗೂ ಹೊಳೀಲಿಲ್ಲ ನೋಡ್ರಿ.

ದೊಡ್ಡ ಸಾಹೇಬ್ರು ಬಿಳಿ ಕೋಟು ಹಾಕ್ಕೊಂಡು ಬಂದ್ರು. ಒಂದು ಸುತ್ತು ಹಾಕಿ, ಇದು ಈಗಿನ ಕಾಲದ್ದು, ಬಾಜೂಕ ನಿಂತ ಆ ಜಂಗ ತಿಂದ ಎಂಜಿನ್ನ ಉಳಸೂಣು ಅಂದ್ರು. 

ಕಾಕಾ ಸೀಮೆಎಣ್ಣ್ಯಾಗ ಅದ್ದಿದ ಅರಬಿ ತಗೊಂಡು ತಾನ ಬಳದ ಬಣ್ಣ ಒರಸಾಕ ಹತ್ತಿದ. ಇಲ್ಲಿ ತ್ಯಾಪಿ ಐತ್ರಿ, ಇಲ್ಲಿ ಸೀಳೈತ್ರಿ, ಏರಿಗೆ ಕೆಮ್ಮತೈತ್ರಿ. ಜಲ್ಮದಾಗ ಆಡದಿದ್ದ ಮಾತು ಆಡುವಾಗ ಅವನ ಕಣ್ಣಾಗ ನೀರು. ಸಾಹೇಬ್ರು ನಂಬಲಿಲ್ಲ. ಕಡೀಕ ಕಾಕಾ, ವಯಸ್ಸು ನೋಡಾವ್ರು ಹಲ್ಲು ನೋಡಬೇಕ್ರಿ ಅಂತ ಎಂಜಿನ್ನಿನ ಮುಂದಿನ ದುಂಡನ ಬಾಗಲಾ ತಗದ.

ಸಾಹೇಬ್ರು ಮ್ಯಾಲ ಹತ್ತಿ ತಲಿ, ಹೆಗಲು ಒಳಗ ಹಾಕಿದ್ರು. ಕೋಟು ಬೋಲ್ಟಿಗೆ ಸಿಕ್ಕೊಂತು. ಜಗ್ಗಿದ್ದಕ್ಕ ವರ್ಷಾನುಗಟ್ಲೆ ಮಸಿ ತಲಿ ಮ್ಯಾಲ ಸುರೀತು. ಒಳಗಿಂದ ದನಿ ಬಂತು, ಒಪ್ಪಿದೆ, ಇದಕ್ಕಿಂತ ಮುದೀದು ಎಲ್ಲೂ ಇಲ್ಲ, ನನ್ನ ಹೊರಗ ಎಳೀರಿ ಅಂತ.

ನಾ ಕಾಲು ಹಿಡದೆ. ಕಾಕಾ ತಡಿ ಅಂತ ನನ್ನ ಕೈ ಹಿಡದ. ಬಾಗಲದಾಗ ಬಗ್ಗಿ, ಭಾಳ ಮರ್ಯಾದಿಲೆ ಕೇಳಿದ: "ಸಾಹೇಬ್ರ, ಒಳಗಿದ್ದಾಗ ಅಂದದ್ದು ಹೊರಗ ಬಂದ ಮ್ಯಾಲೂ ನಡೀತೈತೇನ್ರಿ?"

"ಕಾಗದಾ ಇಲ್ಲೇ ಕೊಡಪಾ, ಸಹಿ ಮಾಡೇ ಬರ್ತೇನಿ."

ಎಂಜಿನ್ ಉಳೀತು. ಆ ಕಾಗದಾ ಆಫೀಸಿಗೆ ಒಯ್ದು ಕೊಟ್ಟಾಂವ ನಾನ. ಗುಮಾಸ್ತ ಚಷ್ಮಾ ಏರಿಸಿ, ಸಹಿ ಮ್ಯಾಲೆ ಬಿದ್ದ ಸಾಹೇಬ್ರ ಮಸಿ ಹತ್ತಿದ ಬೆರಳಿನ ಗುರ್ತು ನೋಡಿದ.

"ಅಲ್ಲಪಾ, ನಮ್ಮ ಸಾಹೇಬ್ರು ಹೆಬ್ಬಟ್ಟು ಒತ್ತಾಕ ಯಾವಾಗ ಚಾಲೂ ಮಾಡಿದ್ರು?"